ಎರಡು ಗಂಟೆಗೊಂದು ಟಿಕ್

1/8

ಫೋಟೊದಲ್ಲಿ ಇರೋದು ನನ್ನ ಹಾಸ್ಟೆಲ್ ಮೇಜು. ಲ್ಯಾಪ್‌ಟಾಪ್, ಆರಿಹೋದ ಟೀ, ಅರ್ಧ ಬರೆದ ಕೇರ್ ಪ್ಲಾನ್. ಟೈಮು ಬೆಳಗಿನ ಜಾವ ಐದೂವರೆ. ಮೈಸೂರಲ್ಲಿ ಇನ್ನೂ ಹಾಲಿನವನು ಬಂದಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ ಎಂಟು ಗಂಟೆ.

ಫೋನ್ ಮಾಡಿದ್ದು ಅಕ್ಕ, ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪ ಅಲ್ಲಿಗೆ ಹೋಗಿ ಮೂವತ್ತು ವರ್ಷ ಮೇಲಾಯ್ತು. ಅವರಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಲ್ಲಿ ಆರು ದಿನ ಕಳೆದಿತ್ತು. ಎಡಗೈ, ಎಡಗಾಲು ಎರಡೂ ಬರ್ತಿರಲಿಲ್ಲ. ಮಾತು ಸ್ವಲ್ಪ ತೊದಲು. ಆಸ್ಪತ್ರೆಯವರು ಅಕ್ಕನ ಕೈಗೆ ಒಂದು ಪಟ್ಟಿ ಕೊಟ್ಟು, "ನಾಳೆ ಮಧ್ಯಾಹ್ನದೊಳಗೆ ಒಂದು ನರ್ಸಿಂಗ್ ಹೋಂ ಆರಿಸಿ" ಅಂದಿದ್ರಂತೆ.

"ಪುಟ್ಟೀ, ನೀನು ನರ್ಸಿಂಗ್ ಓದ್ತಿದ್ದೀಯಲ್ಲ, ಇದನ್ನ ಸ್ವಲ್ಪ ನೋಡ್ತೀಯಾ? ಅಮ್ಮನಿಗೆ ಏನೂ ತೋಚ್ತಿಲ್ಲ. ನಂಗೂ ತೋಚ್ತಿಲ್ಲ."

ನಾನು ಮೂರನೇ ವರ್ಷದ ಬಿಎಸ್ಸಿ ನರ್ಸಿಂಗ್ ಹುಡುಗಿ. ನಿಮ್ಮ ಥರಾನೇ. ಆದ್ರೂ "ನೋಡ್ತೀನಿ ಅಕ್ಕ" ಅಂದೆ. ಆ ರಾತ್ರಿ ಓದಿದ್ದು ದೊಡ್ಡಪ್ಪನಿಗೆ ಮಾತ್ರ ಅಲ್ಲ, ನನಗೂ ಬೇಕಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಈ ಎಂಟು ಕ್ಯಾಪ್ಶನ್. ನಿಧಾನಕ್ಕೆ ಓದಿ.

2/8

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ.

ನಮ್ಮೂರಲ್ಲಿ ನರ್ಸಿಂಗ್ ಹೋಂ ಅಂದ್ರೆ ಸಣ್ಣ ಖಾಸಗಿ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸ್ ಆಪರೇಷನ್, ಡ್ರಿಪ್ ಹಾಕೋದು. ಅಮೆರಿಕದಲ್ಲಿ ಅದೇ ಹೆಸರಿಗೆ ಅರ್ಥ ಬೇರೆ. ವಯಸ್ಸಾದವರು ಅಥವಾ ತೀರಾ ಅಶಕ್ತರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರೋ ಜಾಗ. ಇನ್ನು ಕೆಲವರು ಸ್ಟ್ರೋಕ್ ಅಥವಾ ಸೊಂಟದ ಮೂಳೆ ಮುರಿತದ ನಂತರ ಫಿಸಿಯೊಥೆರಪಿಗೆ ಅಂತ ಕೆಲವು ವಾರ ಬರ್ತಾರೆ. ದೊಡ್ಡಪ್ಪ ಈ ಎರಡನೇ ಗುಂಪು. ಇಂಥ ಹೋಂಗಳು ಆ ದೇಶದಲ್ಲಿ ಸುಮಾರು 15,000 ಇವೆ. ಒಳಗೆ ಇರೋರು ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ.

ದುಡ್ಡು ಯಾರದು? 1965ರಲ್ಲಿ ಅಲ್ಲಿ ಎರಡು ಸರ್ಕಾರಿ ಯೋಜನೆ ಬಂದ್ವು. ಮೆಡಿಕೇರ್ ಮುಖ್ಯವಾಗಿ 65 ದಾಟಿದವರಿಗೆ, ಮೆಡಿಕೇಡ್ ಕಡಿಮೆ ಆದಾಯದವರಿಗೆ. ದೊಡ್ಡಪ್ಪನ ಥರ ಕನಿಷ್ಠ ಮೂರು ದಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದವರಿಗೆ, ಆಮೇಲೆ ಹೋಂನಲ್ಲಿ ಚಿಕಿತ್ಸೆ ಬೇಕಿದ್ರೆ, ಮೆಡಿಕೇರ್ 100 ದಿನದವರೆಗೆ ಸಹಾಯ ಮಾಡುತ್ತೆ. ಮೊದಲ 20 ದಿನ ಪೂರ್ತಿ, ಆಮೇಲೆ ದಿನಕ್ಕಿಷ್ಟು ಅಂತ ರೋಗಿಯೂ ಕಟ್ಟಬೇಕು. ವರ್ಷಗಟ್ಟಲೆ ಇರೋರಲ್ಲಿ ಹೆಚ್ಚಿನವರ ಖರ್ಚು ಮೆಡಿಕೇಡ್ ಮೇಲೆ.

ಅಂದ್ರೆ ಹೋಂ ಖಾಸಗಿಯವರದ್ದಾದ್ರೂ ಅಲ್ಲಿ ಓಡಾಡೋ ದುಡ್ಡಿನ ಬಹುಪಾಲು ಜನರ ತೆರಿಗೆಯದ್ದು. ಅದಕ್ಕೇ ಲೆಕ್ಕ ಕೇಳೋ ಹಕ್ಕೂ ಜನರಿಗಿದೆ. 1987ರಲ್ಲಿ ಒಂದು ಕಾನೂನು ಮಾಡಿ, ಈ ದುಡ್ಡು ತಗೊಳ್ಳೋ ಪ್ರತಿ ಹೋಂಗೂ ತಪಾಸಣೆ ಗಟ್ಟಿ ಮಾಡಿದ್ರು. ರಾಜ್ಯದ ಇನ್ಸ್‌ಪೆಕ್ಟರುಗಳು ಮುಂಚೆ ಹೇಳದೆ ಬರ್ತಾರೆ. ಎರಡು ತಪಾಸಣೆ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಅವರು ಬರೆದದ್ದು ಮೆಡಿಕೇರ್ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಸಿಗುತ್ತೆ. ಮೈಸೂರಿನ ಹಾಸ್ಟೆಲ್ಲಿಗೂ.

3/8

ಪಟ್ಟಿಯಲ್ಲಿ ಮೂರು ಹೋಂ. ಮೊದಲನೇದು ನಾಲ್ಕು ಸ್ಟಾರ್, ಅಕ್ಕನ ಮನೆಗೆ ಹತ್ತು ನಿಮಿಷ. ಎರಡನೇದು ಮೂರು ಸ್ಟಾರ್, ಮೂವತ್ತೈದು ನಿಮಿಷ. ಮೂರನೇದು ಎರಡು ಸ್ಟಾರ್, ಅದನ್ನ ಪಕ್ಕಕ್ಕಿಟ್ವಿ.

"ನಾಲ್ಕು ಸ್ಟಾರ್, ಹತ್ತೇ ನಿಮಿಷ. ಯೋಚನೆ ಮಾಡೋದೇನಿದೆ?" ಅಂದ್ರು ದೊಡ್ಡಮ್ಮ. ನಾನೂ ಹಾಗೇ ಅಂದುಕೊಂಡೆ. ಬಿರಿಯಾನಿ ತರಿಸೋವಾಗ ನಾವೆಲ್ಲ ಸ್ಟಾರ್ ನೋಡಿಯೇ ಅಲ್ವಾ ತರಿಸೋದು?

ಆದ್ರೆ ಈ ಸ್ಟಾರ್ ತಿಂದವರು ಕೊಟ್ಟಿದ್ದಲ್ಲ. 2008ರ ಡಿಸೆಂಬರ್‌ನಿಂದ ಸರ್ಕಾರವೇ ಕೊಡ್ತಿರೋದು. ಮೂರು ಲೆಕ್ಕ ಸೇರಿಸಿ ಒಂದು ಮಾಡ್ತಾರೆ: ತಪಾಸಣೆ, ಸಿಬ್ಬಂದಿ ಸಂಖ್ಯೆ, ಗುಣಮಟ್ಟದ ಅಂಕಿಗಳು. ಶುರು ಮಾಡೋದು ತಪಾಸಣೆಯ ಸ್ಟಾರ್‌ನಿಂದ. ಸಿಬ್ಬಂದಿಗೆ ಐದು ಬಂದ್ರೆ ಒಂದು ಸೇರಿಸು, ಒಂದೇ ಬಂದ್ರೆ ಒಂದು ಕಳಿ. ಗುಣಮಟ್ಟಕ್ಕೂ ಹಾಗೇ.

ಮೊದಲನೇ ಹೋಂನ ಒಟ್ಟು ಸ್ಟಾರ್ ಬಿಡಿಸಿ ನೋಡಿದೆ. ತಪಾಸಣೆ ಮೂರು, ಸಿಬ್ಬಂದಿ ಮೂರು, ಗುಣಮಟ್ಟ ಐದು. ಮೂರಕ್ಕೆ ಒಂದು ಸೇರಿ ನಾಲ್ಕು ಆಗಿತ್ತು. ಎರಡನೇದರಲ್ಲಿ ತಪಾಸಣೆ ಮೂರು, ಸಿಬ್ಬಂದಿ ನಾಲ್ಕು, ಗುಣಮಟ್ಟ ಮೂರು. ಒಟ್ಟು ಮೂರೇ. ಅಂದ್ರೆ ಇನ್ಸ್‌ಪೆಕ್ಟರ್ ಕಣ್ಣಲ್ಲಿ ಎರಡೂ ಸಮ. ರೋಗಿ ಹತ್ತಿರ ಜಾಸ್ತಿ ಜನ ಇರೋದು ಎರಡನೇದರಲ್ಲಿ. ಆದ್ರೂ ಒಂದು ಸ್ಟಾರ್ ಹೆಚ್ಚು ಮೊದಲನೇದಕ್ಕೆ.

ಆ ಹೆಚ್ಚಿನ ಸ್ಟಾರ್ ಎಲ್ಲಿಂದ ಬಂತು? ಗುಣಮಟ್ಟದ ಅಂಕಿಗಳಲ್ಲಿ ಹಲವು ಹೋಂನವರೇ ತುಂಬಿ ಕಳಿಸೋ ರೋಗಿ ಮಾಹಿತಿಯಿಂದ ಬರ್ತವೆ. ಎಷ್ಟು ಜನ ಬಿದ್ರು, ಎಷ್ಟು ಜನಕ್ಕೆ ಬೆಡ್ ಸೋರ್ ಆಯ್ತು ಅಂತ ಅವರೇ ಬರೀತಾರೆ. 2020ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಪತ್ರೆಯ ಬಿಲ್ ದಾಖಲೆಗಳನ್ನ ಇದರ ಪಕ್ಕದಲ್ಲಿಟ್ಟು ನೋಡಿದ್ರು. ಬಿದ್ದು ಜೋರು ಪೆಟ್ಟಾಗಿ ಆಸ್ಪತ್ರೆ ಸೇರಿದ ಹತ್ತು ಪ್ರಕರಣದಲ್ಲಿ ನಾಲ್ಕಕ್ಕೂ ಹೆಚ್ಚನ್ನ ಹೋಂಗಳು ಬರೆದೇ ಇರಲಿಲ್ಲ.

ನಮ್ಮ ಪರೀಕ್ಷೆಗೆ ನಾವೇ ಮಾರ್ಕ್ಸ್ ಹಾಕಿಕೊಂಡ ಹಾಗೆ. ಸಿಬ್ಬಂದಿ ಲೆಕ್ಕ ಇದಕ್ಕಿಂತ ವಾಸಿ. 2016ರಿಂದ ಅದನ್ನ ಸಂಬಳದ ದಾಖಲೆ ಆಧಾರದ ಮೇಲೆ ಕಳಿಸಬೇಕು. ಸಂಬಳ ಕೊಡದೇ ಇರೋ ನರ್ಸ್‌ನ ತೋರಿಸೋದು ಕಷ್ಟ.

4/8

ಸ್ಟಾರ್ ಬಿಟ್ಟು ವರದಿ ತೆರೆದೆ. ಈ ವರದಿಯ ಫಾರಂಗೆ ಒಂದು ನಂಬರ್ ಇದೆ, 2567. ಎಡಗಡೆ ಕಾಲಂನಲ್ಲಿ ಇನ್ಸ್‌ಪೆಕ್ಟರ್ ಕಂಡ ಲೋಪ. ಬಲಗಡೆ ಕಾಲಂನಲ್ಲಿ "ಹೀಗೆ ಸರಿಮಾಡ್ತೀವಿ" ಅಂತ ಹೋಂನವರ ಉತ್ತರ. ಪ್ರತಿ ಲೋಪಕ್ಕೂ ಎ ಇಂದ ಎಲ್ ತನಕ ಒಂದು ಅಕ್ಷರ. ಎ ಅಂದ್ರೆ ಸಣ್ಣದು. ಜಿ ಬಂದ್ರೆ ಒಬ್ಬ ರೋಗಿಗೆ ನಿಜವಾಗ್ಲೂ ಹಾನಿ ಆಗಿದೆ ಅಂತ. ಜೆ, ಕೆ, ಎಲ್ ಅಂದ್ರೆ ಜೀವಕ್ಕೆ ಕುತ್ತು ಬರೋ ಹಂತ, ತಕ್ಷಣ ಸರಿಯಾಗಬೇಕು.

ಮೊದಲನೇ ಹೋಂನ ವರದಿಯಲ್ಲಿ ಎಫ್ 686 ಅಡಿಯಲ್ಲಿ ಒಂದು ಜಿ ಇತ್ತು. ಎಫ್ 686 ಅಂದ್ರೆ ಬೆಡ್ ಸೋರ್.

ರೋಗಿಯ ಹೆಸರು ಇರಲ್ಲ, ನಂಬರ್ ಮಾತ್ರ. ಈ ರೋಗಿಗೆ ತಾನೇ ಮಗ್ಗುಲು ಬದಲಿಸೋಕೆ ಆಗಲ್ಲ. ಎರಡು ಗಂಟೆಗೊಮ್ಮೆ ತಿರುಗಿಸಬೇಕು ಅಂತ ಕೇರ್ ಪ್ಲಾನ್‌ನಲ್ಲಿದೆ. ಇನ್ಸ್‌ಪೆಕ್ಟರ್ 9.10ಕ್ಕೆ ನೋಡಿದ್ರು, ರೋಗಿ ಅಂಗಾತ ಮಲಗಿದ್ರು. 10.25ಕ್ಕೆ ನೋಡಿದ್ರು, ಅಂಗಾತ. 11.40ಕ್ಕೆ, ಅಂಗಾತ. 1.15ಕ್ಕೂ ಅಂಗಾತವೇ. ಆಮೇಲೆ ಚಾರ್ಟ್ ತೆಗೆಸಿ ನೋಡಿದ್ರು. ಹತ್ತು ಗಂಟೆಗೆ ಎಡ ಮಗ್ಗುಲು, ಟಿಕ್. ಹನ್ನೆರಡಕ್ಕೆ ಬಲ ಮಗ್ಗುಲು, ಟಿಕ್.

ಆಮೇಲೆ ಅಲ್ಲಿನ ಸಹಾಯಕಿಯನ್ನ ಕೇಳಿದ್ರು. ಅವತ್ತು ಬೆಳಿಗ್ಗೆ ತನ್ನೊಬ್ಬಳಿಗೆ ಹದಿನಾಲ್ಕು ಜನ ಇದ್ರು, ಆ ಕೋಣೆಗೆ ಹೋಗೋಕೆ ಆಗಲೇ ಇಲ್ಲ ಅಂದಳು. ರೋಗಿಯ ಬೆನ್ನ ಕೆಳಗಿನ ಗಾಯ ಮೂರನೇ ಹಂತ ಮುಟ್ಟಿತ್ತು. ಮೂರನೇ ಹಂತ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಚರ್ಮ ಪೂರ್ತಿ ಹೋಗಿ ಕೊಬ್ಬು ಕಾಣೋ ಹಂತ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ದೊಡ್ಡಪ್ಪನ ಕಾರಣಕ್ಕಲ್ಲ.

5/8

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ನನ್ನ ಬ್ಯಾಚಿನವರು ಓದ್ತೀರಿ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಎರಡನೇ ವರ್ಷದ ಮೆಡಿಕಲ್ ವಾರ್ಡ್ ಪೋಸ್ಟಿಂಗ್. ಯಾವ ಆಸ್ಪತ್ರೆ ಅನ್ನೋದು ಬೇಡ. ನನಗೆ ಕೊಟ್ಟಿದ್ದ ಬೆಡ್‌ನಲ್ಲಿ ಒಬ್ಬ ಅಜ್ಜ, ಸ್ಟ್ರೋಕ್ ಕೇಸು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಜೊತೆಗಿದ್ದ ಅಜ್ಜಿ ನೆಲದ ಮೇಲೆ ಚಾಪೆ ಹಾಸ್ಕೊಂಡು ಕೂತಿರ್ತಿದ್ರು. ನನ್ನನ್ನ "ಮಗಾ" ಅಂತ ಕರೀತಿದ್ರು.

ಎರಡು ಗಂಟೆಗೊಮ್ಮೆ ಪೊಸಿಷನ್ ಚೇಂಜ್. ಹತ್ತಕ್ಕೆ ಮಾಡಿದೆ. ಆಮೇಲೆ ಮೇಡಂ ಕೇಸ್ ಪ್ರೆಸೆಂಟೇಶನ್‌ಗೆ ಕರೆದ್ರು, ಅದು ಮುಗಿಯೋ ಹೊತ್ತಿಗೆ ಒಂದು ಹೊಸ ಅಡ್ಮಿಷನ್, ಆಮೇಲೆ ಲ್ಯಾಬ್‌ಗೆ ಸ್ಯಾಂಪಲ್ ಒಯ್ಯೋದು. ವಾರ್ಡಲ್ಲಿ ಸ್ಟಾಫ್ ಸಿಸ್ಟರ್ ಒಬ್ಬರೇ, ರೋಗಿಗಳು ಮೂವತ್ತೆಂಟು. ಹನ್ನೆರಡರದ್ದು ಬಿಟ್ಟುಹೋಯ್ತು. ಎರಡರದ್ದೂ ಬಿಟ್ಟುಹೋಯ್ತು. ಡ್ಯೂಟಿ ಮುಗಿಸಿ ಹೊರಡೋವಾಗ ಚಾರ್ಟ್ ನೋಡಿದೆ. ಎರಡು ಖಾಲಿ ಚೌಕ. ಮೇಡಂ ಸೈನ್ ಮಾಡೋಕೆ ಬರ್ತಿದ್ರು.

ಎರಡಕ್ಕೂ ಟಿಕ್ ಹಾಕಿದೆ. ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ ಅಂತಲೂ ಬರೆದೆ. ಅಷ್ಟು ನೀಟಾಗಿ.

ಮಾರನೇ ದಿನ ಬ್ಯಾಕ್ ಕೇರ್ ಮಾಡೋವಾಗ ಅಜ್ಜನ ಬೆನ್ನ ಕೆಳಗೆ ಅಂಗೈಯಗಲ ಕೆಂಪು. ಬೆರಳಿಂದ ಒತ್ತಿದೆ, ಬೆಳ್ಳಗಾಗಲಿಲ್ಲ. ಮೊದಲನೇ ಹಂತ. ಸಿಸ್ಟರ್ ಚಾರ್ಟ್ ನೋಡಿ, "ತಿರುಗಿಸಿದಾರಲ್ಲ, ಆದ್ರೂ ಯಾಕೆ ಹಿಂಗಾಯ್ತು?" ಅಂದ್ರು. ನಾನು ಸುಮ್ಮನಿದ್ದೆ. ಅಜ್ಜಿ ನನ್ನ ಮುಖ ನೋಡಿದ್ರು. ಅವರು ನಿನ್ನೆ ಇಡೀ ದಿನ ಅಲ್ಲೇ ಕೂತಿದ್ದವರು. ಅವರಿಗೆ ಗೊತ್ತಿತ್ತು. ಏನೂ ಹೇಳಲಿಲ್ಲ.

ನ್ಯೂಜೆರ್ಸಿಯ ಆ ವರದಿಯಲ್ಲಿ ಟಿಕ್ ಹಾಕಿದ ಆ ಸಹಾಯಕಿ ನನಗೆ ಯಾರೋ ಆಗಿ ಕಾಣಲಿಲ್ಲ.

6/8

ಬೆಳಗಾಗೋ ಹೊತ್ತಿಗೆ ಮತ್ತೆ ಲ್ಯಾಪ್‌ಟಾಪ್ ತೆರೆದೆ. ಒಂದು ಪ್ರಶ್ನೆ ತಲೆಯಲ್ಲಿ ಕೂತಿತ್ತು. ಹದಿನಾಲ್ಕು ಜನಕ್ಕೆ ಒಬ್ಬಳು ಸಾಕು ಅಂತ ನಿರ್ಧರಿಸಿದ್ದು ಯಾರು? ಆ ಸಹಾಯಕಿ ಅಂತೂ ಅಲ್ಲ.

ಅದೇ ವೆಬ್‌ಸೈಟ್‌ನಲ್ಲಿ ಮಾಲೀಕರ ಪಟ್ಟಿಯೂ ಇದೆ. ಮಾಲೀಕರ ಹೆಸರು ಬಹಿರಂಗ ಆಗಬೇಕು ಅಂತ 2010ರ ಆರೋಗ್ಯ ಕಾನೂನಿನಲ್ಲೇ ಇತ್ತು. ದೇಶದ ಎಲ್ಲ ಹೋಂಗಳ ಮಾಲೀಕತ್ವದ ಪೂರ್ತಿ ಮಾಹಿತಿಯನ್ನ ಸರ್ಕಾರ ಒಟ್ಟಿಗೆ ಹೊರಗೆ ಬಿಟ್ಟಿದ್ದು ಮಾತ್ರ 2022ರ ಸೆಪ್ಟೆಂಬರ್‌ನಲ್ಲಿ. ಅಲ್ಲಿನ ಹೋಂಗಳಲ್ಲಿ ಸುಮಾರು ಶೇ. 70ರಷ್ಟು ಲಾಭಕ್ಕಾಗಿ ನಡೆಯೋವು.

ಮೊದಲನೇ ಹೋಂ 2021ರಲ್ಲಿ ಕೈ ಬದಲಾಗಿತ್ತು. ಹೆಸರು ಹಳೇದೇ, ಬೋರ್ಡ್ ಹಳೇದೇ. ಒಳಗೆ ಮೂರು ಕಂಪನಿ. ಒಂದು ಹೋಂ ನಡೆಸುತ್ತೆ, ಇನ್ನೊಂದಕ್ಕೆ ಕಟ್ಟಡ ಸೇರಿದೆ, ಮತ್ತೊಂದು "ಆಡಳಿತ ಸೇವೆ" ಕೊಡುತ್ತೆ. ಅಕ್ಕ ಹುಡುಕಿ ನೋಡಿದಾಗ ಮೂರರ ಹಿಂದೆಯೂ ಅದೇ ಇಬ್ಬರು.

ಹೀಗೆ ಮಾಡೋದು ಕಾನೂನುಬಾಹಿರ ಅಲ್ಲ. ಆದ್ರೆ ಇದರ ಪರಿಣಾಮ ಏನು ಅಂತ ಯೋಚಿಸಿ. ಹೋಂ ನಡೆಸೋ ಕಂಪನಿ ತನ್ನದೇ ಮಾಲೀಕರ ಇನ್ನೊಂದು ಕಂಪನಿಗೆ ದೊಡ್ಡ ಬಾಡಿಗೆ ಕಟ್ಟುತ್ತೆ, ಮತ್ತೊಂದಕ್ಕೆ ದೊಡ್ಡ ಫೀಸು ಕಟ್ಟುತ್ತೆ. ಆಮೇಲೆ "ನೋಡಿ, ನಮಗೆ ಉಳೀತಿರೋದೇ ಇಷ್ಟು, ಇನ್ನೂ ನರ್ಸ್ ಹೇಗೆ ಇಡೋದು?" ಅನ್ನಬಹುದು. ಇಲಿನಾಯ್ ರಾಜ್ಯದ ಹೋಂಗಳ ಲೆಕ್ಕಪತ್ರ ಕೆದಕಿದ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಹೇಳಿದ್ದು ಇದನ್ನೇ. ಅವರ ಅಂದಾಜಿನಲ್ಲಿ ಲಾಭದ ಸುಮಾರು ಶೇ. 63ರಷ್ಟು ಹೀಗೆ ಬಾಡಿಗೆ, ಫೀಸಿನ ಹೆಸರಲ್ಲಿ ಮಾಲೀಕರ ಬೇರೆ ಕಂಪನಿಗಳಿಗೆ ಹರಿದುಹೋಗಿ ಲೆಕ್ಕದಲ್ಲಿ ಕಾಣದಂತಾಗಿತ್ತು. ಪ್ರೈವೇಟ್ ಇಕ್ವಿಟಿ ಕಂಪನಿಗಳು, ಅಂದ್ರೆ ಹೂಡಿಕೆದಾರರ ದುಡ್ಡಿಂದ ವ್ಯವಹಾರ ಕೊಂಡು ಕೆಲವು ವರ್ಷದಲ್ಲಿ ಲಾಭಕ್ಕೆ ಮಾರೋ ಕಂಪನಿಗಳು ಕೊಂಡ ಹೋಂಗಳ ಬಗ್ಗೆ 2021ರಲ್ಲಿ ಇನ್ನೊಂದು ಅಧ್ಯಯನ ಬಂತು. ಅಲ್ಪಕಾಲಕ್ಕೆ ಸೇರಿದ ಮೆಡಿಕೇರ್ ರೋಗಿಗಳ ಸಾವು ಅಲ್ಲಿ ಸುಮಾರು ಶೇ. 10ರಷ್ಟು ಹೆಚ್ಚು. ಜೊತೆಗೆ ನರ್ಸಿಂಗ್ ಸಿಬ್ಬಂದಿ ಕಡಿಮೆ.

ಪ್ರತಿ ರೋಗಿಗೆ ದಿನಕ್ಕೆ ಕನಿಷ್ಠ 3.48 ಗಂಟೆ ನರ್ಸಿಂಗ್ ಆರೈಕೆ ಸಿಗಲೇಬೇಕು ಅಂತ 2024ರಲ್ಲಿ ಸರ್ಕಾರ ನಿಯಮ ತಂತು. 2025ರಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟ್ ಅದನ್ನ ರದ್ದು ಮಾಡಿತು.

ಈಗ ನನ್ನ ಟಿಕ್‌ಗೆ ವಾಪಸ್ ಬರ್ತೀನಿ. ನಾನು ಸುಳ್ಳು ಟಿಕ್ ಹಾಕಿದಾಗ ನನ್ನನ್ನ ಕಾಪಾಡ್ಕೊಂಡೆ ಅಂದುಕೊಂಡಿದ್ದೆ. ನಿಜವಾಗಿ ಅದು ಕಾಪಾಡಿದ್ದು ಮೂವತ್ತೆಂಟು ಜನಕ್ಕೆ ಒಬ್ಬರು ಸಾಕು ಅಂತ ತೀರ್ಮಾನ ಮಾಡಿದವರನ್ನ. ನನ್ನ ಚಾರ್ಟ್ ಪ್ರಕಾರ ಆ ವಾರ್ಡಲ್ಲಿ ಎಲ್ಲ ಕೆಲಸವೂ ಟೈಮಿಗೆ ಸರಿಯಾಗಿ ನಡೀತಿತ್ತು. ಇನ್ನೊಬ್ಬ ಸಿಸ್ಟರ್ ಬೇಕು ಅಂತ ಯಾರಾದ್ರೂ ಕೇಳಿದ್ರೆ, "ಯಾಕೆ? ಚಾರ್ಟ್ ನೋಡಿ, ಎಲ್ಲ ಆಗ್ತಿದೆಯಲ್ಲ" ಅನ್ನೋಕೆ ಸಾಕ್ಷಿ ಕೊಟ್ಟವಳು ನಾನೇ.

7/8

ಅಕ್ಕ ಬೆಳಿಗ್ಗೆ ಎರಡೂ ಕಡೆ ಹೋಗಿಬಂದಳು. ಏನು ಕೇಳಬೇಕು ಅಂತ ನಾನು ಬರೆದು ಕಳಿಸಿದ್ದೆ.

ಇತ್ತೀಚಿನ ತಪಾಸಣಾ ವರದಿ ಬಂದವರ ಕೈಗೆ ಸಿಗೋ ಹಾಗೆ ಇಡಬೇಕು ಅಂತ ಅಲ್ಲಿ ನಿಯಮ. ಮೊದಲನೇ ಹೋಂನ ಲಾಬಿಯಲ್ಲಿ ಒಳ್ಳೇ ಸೋಫಾ, ಹೂದಾನಿ, ಕಾಫಿ ಮಷೀನ್ ಇದ್ವು. ಫೈಲ್ ಮಾತ್ರ ಕೇಳಿದ ಮೇಲೆ ಬಂತು. ಅಕ್ಕ ಬಲಗಡೆ ಕಾಲಂನ ಫೋಟೊ ಕಳಿಸಿದಳು. "ಈ ಉತ್ತರ ಕೊಟ್ಟ ಮಾತ್ರಕ್ಕೆ ನಾವು ತಪ್ಪೊಪ್ಪಿಕೊಂಡ ಹಾಗಲ್ಲ" ಅನ್ನೋ ಅರ್ಥದ ಮಾತಿಂದ ಶುರು. ಆಮೇಲೆ, ಸಿಬ್ಬಂದಿಗೆ ಮತ್ತೆ ತರಬೇತಿ ಕೊಟ್ಟಿದ್ದೀವಿ, ನಾಲ್ಕು ವಾರ ಚಾರ್ಟ್ ಪರಿಶೀಲಿಸ್ತೀವಿ. ಇನ್ನೊಬ್ಬರನ್ನ ಕೆಲಸಕ್ಕೆ ಇಟ್ಕೋತೀವಿ ಅಂತ ಎಲ್ಲೂ ಇರಲಿಲ್ಲ. ಗಾಯ ಆಗಿದ್ದು ಜನ ಇಲ್ಲದೆ, ಮದ್ದು ಕೊಟ್ಟಿದ್ದು ಪಾಠ ಹೇಳಿ.

ಎರಡನೇದು ಲಾಭರಹಿತ ಸಂಸ್ಥೆಯದ್ದು. ಕಟ್ಟಡ ಹಳೇದು, ಕಾರಿಡಾರ್‌ನಲ್ಲಿ ಬಣ್ಣ ಎದ್ದಿತ್ತು. ವರದಿಯ ಫೈಲ್ ಗೋಡೆಗೇ ನೇತುಹಾಕಿದ್ರು. ಲೋಪಗಳು ಅದರಲ್ಲೂ ಇದ್ವು: ಅಡುಗೆಮನೆ ಫ್ರಿಜ್‌ನ ಟೆಂಪರೇಚರ್ ಬರೆದಿಲ್ಲ, ಔಷಧಿ ಗಾಡಿಗೆ ಬೀಗ ಹಾಕಿಲ್ಲ. ಅಕ್ಷರ ಡಿ, ಇ. ಜಿ ಇರಲಿಲ್ಲ. ಪ್ರತಿ ಶಿಫ್ಟ್‌ಗೆ ಎಷ್ಟು ನರ್ಸ್ ಅನ್ನೋದನ್ನ ದಿನಾ ಹಾಕಬೇಕು, ಅದೂ ಇತ್ತು, ಅವತ್ತಿನ ತಾರೀಖಿಂದೇ.

ಮೂರು ಸ್ಟಾರ್‌ನದ್ದನ್ನೇ ಆರಿಸಿದ್ವಿ. ದೊಡ್ಡಮ್ಮನಿಗೆ ಸಮಾಧಾನ ಇರಲಿಲ್ಲ. ದಿನಾ ಮೂವತ್ತೈದು ನಿಮಿಷ ಹೋಗಿ ಮೂವತ್ತೈದು ನಿಮಿಷ ಬರಬೇಕು.

ಎಲ್ಲ ಸುಸೂತ್ರ ಆಯ್ತು ಅಂತ ಹೇಳಲ್ಲ. ಎರಡನೇ ವಾರ ಒಂದು ರಾತ್ರಿ ದೊಡ್ಡಪ್ಪ ಬೆಲ್ ಒತ್ತಿ ಐವತ್ತು ನಿಮಿಷ ಕಾದ್ರು, ಹಾಸಿಗೆ ಒದ್ದೆ ಆಯ್ತು. ಇಂಜಿನಿಯರ್ ಆಗಿ ಬದುಕಿದ ಮನುಷ್ಯ ಮಗಳ ಹತ್ತಿರ ಅದನ್ನ ಹೇಳೋಕೆ ಎರಡು ದಿನ ತಗೊಂಡ್ರು. ಅಕ್ಕ ಕೇರ್ ಪ್ಲಾನ್ ಮೀಟಿಂಗ್ ಕೇಳಿದಳು. ಜೊತೆಗೆ ರಾಜ್ಯದ ಓಂಬುಡ್ಸ್‌ಮನ್ ನಂಬರ್ ಬರೆದಿಟ್ಕೊಂಡಳು. ಹೋಂಗಳಲ್ಲಿ ಇರೋರ ದೂರು ಕೇಳೋಕೆ ಅಂತಲೇ ಪ್ರತಿ ರಾಜ್ಯದಲ್ಲೂ ಒಬ್ಬರು ಇರ್ತಾರೆ. ಅದನ್ನ ಬಳಸೋ ಅಗತ್ಯ ಬೀಳಲಿಲ್ಲ. ರಾತ್ರಿ ಪಾಳಿಯ ನರ್ಸ್ ಬಂದು, "ಅವತ್ತು ನಮ್ಮಲ್ಲಿ ಒಬ್ಬರು ಕಡಿಮೆ ಇದ್ರು. ಅದನ್ನ ನಾನು ನೋಟ್ಸ್‌ನಲ್ಲಿ ಬರೆದಿದ್ದೀನಿ" ಅಂದಳಂತೆ.

ಆ ಮಾತು ಅಕ್ಕ ಹೇಳಿದಾಗ ಫೋನಲ್ಲೇ ಸ್ವಲ್ಪ ಹೊತ್ತು ಸುಮ್ಮನಾದೆ.

ನಲವತ್ತನೇ ದಿನ ದೊಡ್ಡಪ್ಪ ವಾಕರ್ ಹಿಡ್ಕೊಂಡು ಮನೆಗೆ ಬಂದ್ರು. ಬೆನ್ನ ಮೇಲೆ ಒಂದು ಗೀರೂ ಇರಲಿಲ್ಲ. ನಾನು ಮೊದಲು ಕೇಳಿದ್ದು ಅದನ್ನೇ.

8/8

ನಮ್ಮಲ್ಲಿ ಎಷ್ಟೋ ಜನ ಎನ್‌ಕ್ಲೆಕ್ಸ್ ಬರೀಬೇಕು ಅಂತಿದ್ದೀರಿ. ಪಾಸಾಗಿ ಹೋದ್ರೆ ನಿಮ್ಮಲ್ಲಿ ಕೆಲವರಿಗೆ ಮೊದಲ ಕೆಲಸ ಇಂಥ ಹೋಂನಲ್ಲೇ ಸಿಗಬಹುದು. ಆಫರ್ ಲೆಟರ್‌ನಲ್ಲಿ ಸಂಬಳ ನೋಡೋ ಮೊದಲು ಆ ಹೋಂನ ಹೆಸರು ಹಾಕಿ ಹುಡುಕಿ. ಒಟ್ಟು ಸ್ಟಾರ್ ಬಿಡಿಸಿ ನೋಡಿ. ಶನಿವಾರ, ಭಾನುವಾರ ಎಷ್ಟು ಸಿಬ್ಬಂದಿ ಇರ್ತಾರೆ ನೋಡಿ, ಅದೂ ಅಲ್ಲಿದೆ. ವರ್ಷಕ್ಕೆ ಎಷ್ಟು ನರ್ಸ್ ಕೆಲಸ ಬಿಡ್ತಾರೆ ನೋಡಿ. ಮಾಲೀಕ ಯಾರು, ಯಾವಾಗಿಂದ ಅಂತ ನೋಡಿ. 2567 ಓದಿ. ಅದರ ಎಡಗಡೆ ಕಾಲಂನಲ್ಲಿ ಹೆಸರಿಲ್ಲದೆ ಬರೋ ಆ ನರ್ಸ್ ನಾಳೆ ನೀವೇ ಆಗಬಹುದು.

ಇಲ್ಲೇ ಇರೋರಿಗೆ: ನಿಮ್ಮ ಅಜ್ಜ-ಅಜ್ಜಿಯರನ್ನ ಮನೆಯವರು ವೃದ್ಧಾಶ್ರಮಕ್ಕೋ ಆರೈಕೆ ಕೇಂದ್ರಕ್ಕೋ ಸೇರಿಸೋ ಮಾತೆತ್ತಿದ್ರೆ ಇವೇ ಪ್ರಶ್ನೆ ಕೇಳಿ. ನಡೆಸೋರು ಯಾರು? ರಾತ್ರಿ ಎಷ್ಟು ಜನ ಇರ್ತಾರೆ? ಕೊನೇ ಸಲ ತಪಾಸಣೆ ಆಗಿದ್ದು ಯಾವಾಗ, ಅದರ ಕಾಗದ ತೋರಿಸ್ತೀರಾ? ಕಾಗದ ತೋರಿಸೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲೇ ಉತ್ತರ ಸಿಕ್ತು.

ಈ ಕೊನೇ ಫೋಟೊ ಹೋದ ವಾರದ್ದು. ಚಾರ್ಟ್ ಅಲ್ಲ, ಅದನ್ನ ಹಾಕಬಾರದು. ನನ್ನ ಪೆನ್ನು ಮಾತ್ರ.

ಅವತ್ತು ಮತ್ತೆ ಹನ್ನೆರಡು ಗಂಟೆಯ ಚೌಕ ಖಾಲಿ ಉಳಿದಿತ್ತು. ಟಿಕ್ ಹಾಕಲಿಲ್ಲ. "12.00: ಪೊಸಿಷನ್ ಬದಲಿಸಿಲ್ಲ. ಹೊಸ ಅಡ್ಮಿಷನ್‌ನಲ್ಲಿದ್ದೆ. 12.50ಕ್ಕೆ ಬಲ ಮಗ್ಗುಲು ಮಾಡಿದೆ. ಚರ್ಮ ಸರಿ ಇದೆ" ಅಂತ ಬರೆದು ಸೈನ್ ಮಾಡಿದೆ. ಮೇಡಂ ಓದಿ, ಕನ್ನಡಕದ ಮೇಲಿಂದ ನೋಡಿ, "ಇದನ್ನೆಲ್ಲ ಯಾಕಮ್ಮ ಬರೀತೀಯ, ಇನ್‌ಚಾರ್ಜ್ ನೋಡಿದ್ರೆ ನನ್ನ ಕೇಳ್ತಾರೆ" ಅಂದ್ರು.

"ಕೇಳ್ಲಿ ಮೇಡಂ" ಅಂದೆ. ಕೈ ನಡುಗ್ತಿತ್ತು.

ಮೇಡಂ ಒಂದು ಕ್ಷಣ ನಿಂತ್ರು. ಆಮೇಲೆ ಅದರ ಕೆಳಗೆ ತಮ್ಮ ಸೈನ್ ಹಾಕಿ, ಟೈಮ್ ಬರೆದ್ರು.

ನಾಳೆ ಏಳಕ್ಕೆ ಪೋಸ್ಟಿಂಗ್. ನಿಮ್ಮ ಚಾರ್ಟಿನಲ್ಲೂ ಒಂದು ಚೌಕ ಖಾಲಿ ಉಳಿದೀತು. ಉಳಿದ್ರೆ ಯಾಕೆ ಉಳೀತು ಅಂತ ಪಕ್ಕದಲ್ಲಿ ಬರೀರಿ.